ಅರಮನೆ ಗೋಡೆಗೆ ಸಿಮೆಂಟ್ ಮುಟ್ಟಿಸಬೇಡಿ

ಮಾನ್ಯ ಸಂಪಾದಕರೇ,

ಕೊಡಗಿನ ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ ದುರಸ್ತಿ ಆಗಬೇಕು, ಅಲ್ಲಿನ ಗೋಡೆ ಚಿತ್ರ ಉಳಿಸಬೇಕು ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಆಗಲಿ, ಸಂತೋಷ. ನಲವತ್ತು ವರ್ಷ ಗಾರೆ ಕೆಲಸ ಮಾಡಿದವನು ನಾನು. ಕೆಲಸ ಹಿಡಿಯುವವರಿಗೆ ಒಂದು ಮಾತು ಹೇಳಬೇಕು.

ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಈ ಅರಮನೆ ಕಟ್ಟಿಸಿದ್ದು 1792ರಿಂದ 1794ರ ನಡುವೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವನಿಗೆ ತಡಿಯಂಡಮೋಳ್ ಬೆಟ್ಟದ ಬುಡದ ಕಾಡೇ ಕೋಟೆ. ನಾವು ಈಗ ಕಲಸುವ ಸಿಮೆಂಟ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1824ರಲ್ಲಿ. ಅಂದರೆ ಅರಮನೆಗಿಂತ ಮೂವತ್ತು ವರ್ಷ ಚಿಕ್ಕದು. ಆ ಹಳೇ ಗೋಡೆಗೂ ಇದಕ್ಕೂ ಆಗಿಬರುವುದಿಲ್ಲ.

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಒಂದು ಐನ್‌ಮನೆಯ, ಅಂದರೆ ಕೊಡವರ ಮೂಲಮನೆಯ ಜಗಲಿ ಗೋಡೆ. ಸುಣ್ಣದ ಮೇಲೆ ಕೆಂಪು ಹಸಿರಿನ ಬಳ್ಳಿ ಬರೆದಿದ್ದರು. ಬುಡದಲ್ಲಿ ಮೊಳ ಎತ್ತರ ಗಾರೆ ಉದುರಿತ್ತು. ಬೇಗ ಮುಗಿಯಲಿ ಅಂತ ಅಷ್ಟಕ್ಕೂ ಸಿಮೆಂಟ್ ಬಳಿದೆ. ಎರಡು ಮಳೆಗಾಲ ಕಳೆದು ಹೋಗಿ ನೋಡಿದರೆ ನಾನು ಬಳಿದದ್ದು ಕಲ್ಲಿನ ಹಾಗೆ ನಿಂತಿದೆ, ಅದರ ಮೇಲಿನ ಬಳ್ಳಿ ಹಪ್ಪಳದ ಹಾಗೆ ಎದ್ದಿದೆ. ಒಳಗಿನ ತೇವ ಹೊರಬರಲು ದಾರಿ ಇಲ್ಲದೆ ಮೇಲೆ ಏರಿ, ಉಪ್ಪು ಬಿಳಿ ಪುಡಿಯಾಗಿ ಬಣ್ಣವನ್ನು ಹೊರಗೆ ತಳ್ಳಿತ್ತು. ಬೆರಳು ತಾಗಿಸಿದೆ, ಒಂದು ಎಲೆ ಅಂಗೈಗೇ ಬಿತ್ತು. ಮನೆ ಹಿರಿಯರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಹಾಗಾಗಿ ಮೊದಲು ಚಾವಣಿ ನೋಡಿ. ಹೆಂಚು ಸರಿಮಾಡದೆ, ಗೋಡೆ ಬುಡದ ನೀರು ಹೊರಗೆ ಹರಿಯುವ ಹಾಗೆ ಮಾಡದೆ ಚಿತ್ರ ಮುಟ್ಟುವುದು ಸುಮ್ನೆ ದಂಡ. ಆಮೇಲೆ ಗೋಡೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಬೇಕು. ಟೊಳ್ಳು ಸದ್ದು ಬಂದ ಕಡೆ ಗಾರೆ ಗೋಡೆ ಬಿಟ್ಟಿದೆ ಎಂದು ಅರ್ಥ. ಅಲ್ಲಿ ತೆಳು ಸುಣ್ಣದ ಹಾಲನ್ನು ಸೂಜಿಯಿಂದ ಒಳಗೆ ಬಿಟ್ಟು ಕೂರಿಸುವವರಿದ್ದಾರೆ. ಆ ಕೆಲಸ ನನ್ನಂಥವರದ್ದಲ್ಲ, ಕಲಿತವರೇ ಮಾಡಬೇಕು. ನಮ್ಮ ಕೆಲಸ ಸುಣ್ಣದ್ದು. ವಾರಗಟ್ಟಲೆ ನೀರಲ್ಲಿ ನೆನೆದ ಸುಣ್ಣ, ಜರಡಿ ಹಿಡಿದ ಮರಳು, ಅಳಲೆಕಾಯಿ ಮತ್ತು ಬೆಲ್ಲದ ನೀರು. ಈಗಿನ ಹುಡುಗರು ಬೆಲ್ಲ ಅಂದರೆ ನಗುತ್ತಾರೆ.

ಇನ್ನೊಂದು. ಬಣ್ಣ ಹೋದ ಕಡೆ ಹೊಸ ಪೇಂಟ್ ಬಳಿದು ಮುಖ ಕಣ್ಣು ತಿದ್ದಬೇಡಿ. ಹೋದದ್ದು ಹೋಯಿತು, ಇದ್ದದ್ದಾದರೂ ಹಾಗೇ ಇರಲಿ, ಅಲ್ವಾ? ತಡಿಯಂಡಮೋಳ್ ಹತ್ತಲು ಬಂದವರು ಗೋಡೆ ಮೇಲೆ ಹೆಸರು ಕೆತ್ತುವುದಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಟೆಂಡರ್ ಕರೆಯುವವರು ದಿನ ನೋಡಿ ಕರೆಯಿರಿ. ಸುಣ್ಣಕ್ಕೆ ಗಾಳಿ ಬೇಕು, ನಿಧಾನ ಬೇಕು. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ಅದು ಕಚ್ಚುವುದೇ ಇಲ್ಲ. ಅಕ್ಟೋಬರಿನ ಕಾವೇರಿ ಸಂಕ್ರಮಣ ಕಳೆದ ಕೂಡಲೇ ಶುರುಮಾಡಿದರೆ ಒಳ್ಳೆಯದು. ತಡವಾದರೆ ಕಾಫಿ ಕುಯ್ಲು ಬರುತ್ತದೆ, ಆಳು ಸಿಗುವುದಿಲ್ಲ. ಅಟ್ಟಣಿಗೆ ಹತ್ತಲು ನನಗೆ ಮೊಣಕಾಲು ಬಿಡುವುದಿಲ್ಲ. ಸುಣ್ಣ ಹದ ಬಂದಿದೆಯಾ ಅಂತ ಕೆಳಗೆ ಕೂತು ನೋಡಿ ಹೇಳಬಲ್ಲೆ. ಕೂಲಿ ಬೇಡ.

— ಒಬ್ಬ ಗಾರೆ ಕೆಲಸದವ, ನಾಪೋಕ್ಲು