ಕಿಟಕಿ ಕೀಳಿಸುವ ಮುನ್ನ

ರಾಯಚೂರು

ಚಿ. ಸೌ. ಶಾಂತಾಳಿಗೆ ಸೋದರಮಾವನ ಆಶೀರ್ವಾದಗಳು.

ಗಂಗಾವತಿ ಮನೆಯ ಕಿಟಕಿಗಳ ಫೋಟೊ ನೋಡಿದೆ. ಅಂಗಡಿಯವನು ಏಳಕ್ಕೆ ಏಳನ್ನೂ ತೆಗೆಸಿ ಮೂರು ಟ್ರ್ಯಾಕಿನ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ಕಿನ) ಸ್ಲೈಡಿಂಗ್ ಹಾಕಿಸಿ ಅಂದನಂತೆ. ಅವನ ಲೆಕ್ಕ ಚದರ ಅಡಿಯದು, ಅವನು ಹಾಗೇ ಹೇಳಬೇಕು. ನೀನು ಮಾತ್ರ ಒಂದೊಂದನ್ನೂ ಬೇರೆ ಬೇರೆ ನೋಡಿ ತೀರ್ಮಾನ ಮಾಡವ್ವ.

ಒಂದು ಸ್ಕ್ರೂಡ್ರೈವರ್ ತಗೊಂಡು ಪ್ರತಿ ಚೌಕಟ್ಟಿನ ಬುಡದ ಆರು ಇಂಚಿನಲ್ಲಿ ಚುಚ್ಚಿ ನೋಡು. ಕೊಳೆಯುವುದೂ ಗೆದ್ದಲು ಹತ್ತುವುದೂ ಮೊದಲು ಅಲ್ಲೇ. ಮೊನೆ ಟಕ್ಕನೆ ನಿಂತರೆ ಸಾಗವಾನಿ ಗಟ್ಟಿ ಇದೆ. ಸಲೀಸಾಗಿ ಇಳಿದರೆ, ಇಲ್ಲವೇ ಗೋಡೆ ಮಗ್ಗುಲಲ್ಲಿ ಮಣ್ಣಿನ ಗೆರೆ ಕಂಡರೆ, ಒಳಗೆ ಟೊಳ್ಳು. ಕೆಟ್ಟದ್ದು ಬುಡದ ಒಂದಡಿ ಮಾತ್ರವಾದರೆ ಬಡಿಗೇರನಿಗೆ ಹೇಳಿ ಅಷ್ಟನ್ನು ಕೊಯ್ಸಿ, ಎರಡೂ ತುಂಡಿನ ತುದಿಗೆ ಅರ್ಧರ್ಧ ದಪ್ಪದ ಕಚ್ಚು ಹಾಕಿ ಬೇರೆ ತುಂಡು ಕೂಡಿಸು. ಕಚ್ಚಿನ ಉದ್ದ ಕಟ್ಟಿಗೆಯ ಅಗಲದ ಎರಡರಷ್ಟಾದರೂ ಇರಲಿ, 4 ಇಂಚಿನ ಕಟ್ಟಿಗೆಗೆ 8 ಇಂಚು.

ಪಡುವಲ ಕಡೆಯ ಎರಡು ಕಿಟಕಿಗಳಿಗೆ ಗಾಜು ಬೇಡವೇ ಬೇಡ. ಸಂಜೆಯ ಸೂರ್ಯ ಕೆಳಗಿಳಿದು ನೇರ ಮುಖಕ್ಕೆ ಬರುತ್ತಾನೆ, ಸಜ್ಜಾ ಅವನನ್ನು ತಡೆಯದು. ಬಿಸಿಲು ಗಾಜು ದಾಟಿ ಒಳಬಂದ ಮೇಲೆ ಪರದೆ ಎಳೆದರೆ ಕಾವು ಕೋಣೆಯಲ್ಲೇ ಉಳಿಯುತ್ತದೆ. ಆ ಹಳೆಯ ಮರದ ಕದ ಬಿಸಿಲನ್ನು ಹೊರಗೇ ನಿಲ್ಲಿಸುತ್ತದೆ. ತಿರುಗಣಿ ಬದಲಿಸಿ, ಸಂದಿ ತುಂಬಿಸಿ, ಒಳಮಗ್ಗುಲಿಗೆ ಸೊಳ್ಳೆ ಜಾಲಿಯ ಬೇರೆ ಕದ ಕೂಡಿಸಿದರೆ ಸಾಕು. ಕಾಲುವೆ ನೀರಿನ ಊರು, ಜಾಲಿ ಬೇಕೇ ಬೇಕು.

ಉಳಿದವನ್ನು ಬದಲಿಸುವುದಾದರೆ ಸ್ಲೈಡಿಂಗ್ ಬಿಟ್ಟು ಹೊರಕ್ಕೆ ತೆರೆಯುವ ಕದ ಮಾಡಿಸು. ಸ್ಲೈಡಿಂಗ್ ಎಷ್ಟು ಸರಿಸಿದರೂ ಅರ್ಧವೇ ತೆರೆಯುತ್ತದೆ, ನಮ್ಮ ಏಪ್ರಿಲ್-ಮೇ ರಾತ್ರಿಗಳಿಗೆ ಪೂರ್ತಿ ಗಾಳಿ ಬೇಕು. ಅದರ ಟ್ರ್ಯಾಕಿನಲ್ಲಿ ಧೂಳೂ ಕೂಡುತ್ತದೆ. ಕದದ ಅಗಲ ಎರಡಡಿ ಮೀರದಿರಲಿ, ಭಾರಕ್ಕೆ ಜೋಲುತ್ತದೆ. ಬಣ್ಣ ಬಿಳಿಯೇ ಇರಲಿ, ಕಂದು ಬಣ್ಣದ್ದು ಬಿಸಿಲಿಗೆ ಹೆಚ್ಚು ಕಾಯುತ್ತದೆ. ಗಾಜು 5 ಮಿ.ಮೀ. ಸಾಕು, ಮಕ್ಕಳ ಕೈಗೆಟಕುವ ಕಡೆ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಇರಲಿ. ಅದನ್ನು ಮಾಡಿದ ಮೇಲೆ ಕೊಯ್ಯಲು ಬರುವುದಿಲ್ಲ, ಅಳತೆ ತಪ್ಪಿದರೆ ಹೊಸದೇ ತರಬೇಕು. ಎರಡು ಪದರದ ಗಾಜು ಎಸಿ ಕೋಣೆಗಾದರೆ ಸರಿ, ಕಿಟಕಿ ತೆರೆದಿಟ್ಟು ಮಲಗುವ ಮನೆಗೆ ದಂಡ. ಮಾಲು ಬಂದ ದಿನ ಒಂದು ಅಯಸ್ಕಾಂತ ಹಿಡಿದು ಚೌಕಟ್ಟಿನ ಉದ್ದಕ್ಕೂ, ಕದದ ಮೇಲೂ ಸರಿಸು. ಒಳಗೆ ಜಿಐ ಪಟ್ಟಿ, ಅಂದರೆ ಸತು ಲೇಪಿಸಿದ ಕಬ್ಬಿಣದ ಪಟ್ಟಿ, ಇದ್ದರೆ ಅಂಟುತ್ತದೆ. ಮೂಲೆಯ ಬೆಸುಗೆ ಹತ್ತಿರ ಸ್ವಲ್ಪ ಬಿಡುವುದು ಸಹಜ. ನಡುವೆ ಎಲ್ಲೂ ಅಂಟದಿದ್ದರೆ ಅದು ಬರೀ ಪ್ಲಾಸ್ಟಿಕ್ಕು, ವಾಪಸ್ ಕಳಿಸು.

ಇನ್ನು ಗೋಡೆ. ಹೊಸ ಕಿಟಕಿ ಕೆಡುವುದು ಬಹಳ ಸಲ ಗೋಡೆಯಿಂದ, ಕಿಟಕಿಯಿಂದಲ್ಲ. ನಿಮ್ಮದು ಕಲ್ಲು-ಮಣ್ಣಿನ ಗೋಡೆ, ಸ್ಕ್ರೂ ಕಚ್ಚುವುದಿಲ್ಲ, ಹ್ಯಾಮರ್ ಡ್ರಿಲ್ ಹಿಡಿದರೆ ಸಂದಿಯ ಮಣ್ಣು ಉದುರಿ ಕಲ್ಲು ಅಲುಗುತ್ತದೆ. ಮೊದಲು ಗಿಲಾವ್ ಕೆರೆಸಿ ಚೌಕಟ್ಟಿನ ಮೇಲೆ ಏನಿದೆ ನೋಡು. ಕಲ್ಲಿನ ತೊಲೆ ಎರಡೂ ಕಡೆ ಆರಾರು ಇಂಚು ಗೋಡೆ ಮೇಲೆ ಕೂತಿದ್ದರೆ ಚಿಂತೆಯಿಲ್ಲ. ತೊಲೆಯೇ ಇಲ್ಲದೆ ಚೌಕಟ್ಟೇ ಭಾರ ಹೊತ್ತಿದ್ದರೆ, ಹಲಗೆ ಕೊಟ್ಟು ಎರಡು ಜಾಕ್ ನಿಲ್ಲಿಸದೆ ಯಾರಿಗೂ ಗರಗಸ ಹಿಡಿಯಲು ಬಿಡಬೇಡ. ಹಾಗಿದ್ದಲ್ಲಿ ಹೊಸ ತೊಲೆ ಕೂಡಿಸಿಯೇ ಮುಂದಿನ ಕೆಲಸ. ಒಂದು ಮುಗಿದ ಮೇಲೆ ಇನ್ನೊಂದು ಕಿಟಕಿ, ಅಕ್ಕಪಕ್ಕದ ಎರಡನ್ನು ಒಟ್ಟಿಗೆ ಕೀಳಬಾರದು. ಹಳೆ ಚೌಕಟ್ಟಿನ ನಿಲುವುಗಳನ್ನು ನಡುವೆ ಕೊಯ್ದು ಒಳಕ್ಕೆ ಎಳೆದರೆ ಗೋಡೆಗೆ ಪೆಟ್ಟು ಕಡಿಮೆ.

ಆಮೇಲೆ ಜಿಐ ಬಾಕ್ಸ್ ಪೈಪಿನ ಒಳಚೌಕಟ್ಟು ಮಾಡಿಸು. ನಾಲ್ಕಡಿ ಎತ್ತರಕ್ಕೆ ಪ್ರತಿ ಮಗ್ಗುಲಿಗೆ ಗೋಡೆ ಹಿಡಿಯುವ ಮೂರು ಕಬ್ಬಿಣದ ಹೋಲ್ಡ್‌ಫಾಸ್ಟ್, ಒಂದೊಂದೂ ಗೋಡೆಯೊಳಗೆ 6 ಇಂಚು, ಆ ಗೂಡಿಗೆ 1:2:4 (ಸಿಮೆಂಟು, ಉಸುಕು, ಜಲ್ಲಿ) ಕಾಂಕ್ರೀಟು. ಏಳು ದಿನ ನೀರುಣಿಸಬೇಕು, ಆದರೆ ಪೈಪು ಹಿಡಿದಲ್ಲ, ಒದ್ದೆ ಗೋಣಿಚೀಲದಿಂದ. ಮಣ್ಣಿನ ಗೋಡೆ ನೀರು ಕುಡಿದರೆ ಕುಸಿಯುತ್ತದೆ. ಸುತ್ತಲಿನ ಗಿಲಾವಿಗೆ ಗೌಂಡಿ ಸಿಮೆಂಟು ಅಂತಾನೆ, ನೀನು ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಉಸುಕಿನ ಗಚ್ಚು ಮಾಡಿಸು. ಸಿಮೆಂಟು ಬಿರುಸು. ನಿಮ್ಮ ಎರೆ ನೆಲ ಬೇಸಿಗೆಗೆ ಬಿರಿದು ಮಳೆಗೆ ಉಬ್ಬಿದಾಗ ಗೋಡೆ ಜತೆ ಆಡದೆ ತಟ್ಟೆ ತಟ್ಟೆ ಬಿಡುತ್ತದೆ.

ಒಳಚೌಕಟ್ಟು ನಿಂತ ಮೇಲೆಯೇ ಅಳತೆ. ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಮೂಲೆಯಿಂದ ಮೂಲೆಗೆ ಎರಡು. ಅಗಲ 1208, 1200, 1195 ಮಿ.ಮೀ. ಬಂದರೆ ಹಿಡಿಯಬೇಕಾದ್ದು 1195, ಆರ್ಡರ್ ಕೊಡಬೇಕಾದ್ದು 1185. ಆ 10 ಮಿ.ಮೀ. ಸುಮ್ಮನೆ ಬಿಟ್ಟದ್ದಲ್ಲ. ನಾಲ್ಕಡಿ ಯುಪಿವಿಸಿ 40 ಡಿಗ್ರಿ ಕಾವೇರಿದರೆ ಮೂರು ಮಿ.ಮೀ. ಮೇಲೆ ಹಿಗ್ಗುತ್ತದೆ. ಸಂದಿಯನ್ನು ಗಾರೆಯಿಂದ ಬಿಗಿದರೆ ಚೌಕಟ್ಟು ಬಾಗಿ, ಮಧ್ಯಾಹ್ನ ಕದ ತೆರೆಯಲಾಗದು. ಮೂಲೆಯಿಂದ 150–200 ಮಿ.ಮೀ. ಬಿಟ್ಟು ಮೊದಲ ಸ್ಕ್ರೂ, ಆಮೇಲೆ 600ರೊಳಗೆ ಒಂದೊಂದು, ಪ್ರತಿಯೊಂದರ ಹಿಂದೆಯೂ ಪ್ಲಾಸ್ಟಿಕ್ ಪ್ಯಾಕಿಂಗ್. ಸಂದಿಗೆ ಫೋಮಿನ ಹಗ್ಗ ತುರುಕಿ, ಹೊರಗಿನಿಂದ ಸಿಲಿಕೋನ್. ಧೂಳಿನ ಮೇಲೆ ಹಚ್ಚಿದ ಸಿಲಿಕೋನ್ ವರ್ಷದೊಳಗೆ ಸುಲಿಯುತ್ತದೆ, ಮೊದಲು ಬ್ರಷ್ ಹೊಡೆದು ಬಟ್ಟೆಯಿಂದ ಒರೆಸಲಿ. ಕೆಳಗಿನ ಕಲ್ಲು ಹೊರಕ್ಕೆ 10 ಮಿ.ಮೀ. ಇಳಿಜಾರಾಗಿ, ಗೋಡೆಯಿಂದ ಎರಡಿಂಚು ಮುಂದಿರಲಿ, ಅದರ ಅಡಿಗೆ ಒಂದು ಗೀರು ಕೊಯ್ಸು; ಇಲ್ಲದಿದ್ದರೆ ಹನಿ ಕಲ್ಲಿನ ಅಡಿ ಹಿಡಿದು ಗೋಡೆಗೇ ಬರುತ್ತದೆ.

ಚೌಕಟ್ಟಿನ ಹೊರಬುಡದಲ್ಲಿ ನೀರು ಹೋಗಲು ಸಣ್ಣ ಸೀಳುಗಳಿರುತ್ತವೆ. ಗೌಂಡಿಗಳು ಅವನ್ನೇ ಗಿಲಾವಿನಲ್ಲಿ ಮುಚ್ಚಿಬಿಡುತ್ತಾರೆ. ಕೊನೆಯ ಕಂತು ಕೊಡುವ ಮುನ್ನ ಚೌಕಟ್ಟಿನ ಕೆಳಪಟ್ಟಿಯ ಕಾಲುವೆಗೆ ಒಂದು ತಂಬಿಗೆ ನೀರು ಹೊಯ್ಯಿ. ಅದು ಹೊರಗೆ ಹರಿದುಹೋಗಬೇಕು. ಒಳಗೆ ತುಳುಕಿದರೆ ದುಡ್ಡು ಕೊಡಬೇಡ. ಆಮೇಲೆ ಪ್ರತಿ ವರ್ಷ ಮಿರುಗ ಮಳೆಗೆ ಮೊದಲು ಆ ಸೀಳುಗಳ ಧೂಳನ್ನು ಕಡ್ಡಿಯಿಂದ ತೆಗೆ.

ಕೆಲಸ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಇಟ್ಟುಕೋ. ಕಿತ್ತ ಸಾಗವಾನಿಯನ್ನು ಕೂಲಿಯವರು ಹೊರುವ ಮೊದಲೇ ಎಣಿಸಿ ಒಳಗಿಡು, ಪಡುವಲ ಕಿಟಕಿಗಳ ಬುಡಕ್ಕೆ ತುಂಡು ಅದರಲ್ಲೇ ಸಿಗುತ್ತದೆ. ಅಷ್ಟು ಒಣಗಿದ ಕಟ್ಟಿಗೆ ಅಡ್ಡೆಯಲ್ಲಿ ಸಿಗದು.

ಇತಿ, ನಿನ್ನ ಮಾವ