ರಸೀದಿ ಇಸ್ಕೊಳ್ಳೋದು ಮರೀಬೇಡ

ಪ್ರೀತಿಯ ಪುಟ್ಟಿ,

ಸಂಸ್ಥೆಯವರು ಹೆಂಗಸರಲ್ಲಿ ಜಾಗೃತಿ ಮೂಡಿಸುವ ಕೆಲಸ ಕೊಟ್ಟಿದ್ದಾರೆ ಅಂತ ಬರೆದಿದ್ದೀಯ. ಆ ಮಾತು ಯಾಕೋ ಚುಚ್ಚಿತು. ನಸುಕಿನಲ್ಲೇ ಎದ್ದು ನೀರು ತಂದು, ರೊಟ್ಟಿ ಬಡಿದು, ಕೂಲಿಗೆ ಹೋಗುವವಳಿಗೆ ತನ್ನ ಕಷ್ಟ ಗೊತ್ತಿಲ್ವಾ? ಗೊತ್ತಿಲ್ಲದಿರೋದು ಯಾವ ಕಾಗದ, ಯಾವ ಕಚೇರಿ, ಎಷ್ಟು ದಿನ ಅನ್ನೋದು. ಅಷ್ಟು ಹೇಳು ಸಾಕು.

ನಾನು ವಿಜಯಪುರ ಜಿಲ್ಲೆಯಲ್ಲಿ ಮಹಿಳಾ ಸಮಖ್ಯಾ ಅನ್ನೋ, ಹಳ್ಳಿ ಹೆಂಗಸರ ಸಂಘ ಕಟ್ಟುವ ಸರ್ಕಾರಿ ಕಾರ್ಯಕ್ರಮದಲ್ಲಿ ಸಹಯೋಗಿನಿ, ಅಂದರೆ ಊರೂರು ಸುತ್ತುವ ಕಾರ್ಯಕರ್ತೆ, ಆಗಿದ್ದಾಗ ಹತ್ತು ಹಳ್ಳಿ ಸುತ್ತುತ್ತಿದ್ದೆ. ಮೊದಮೊದಲು ಎಲ್ಲಿ ಹೋದರೂ ಒಂದೇ ಪ್ರಶ್ನೆ, 'ಏನು ಕೊಡ್ತೀರಿ?' ಕೊಡೋದಕ್ಕೆ ನಮ್ಮ ಹತ್ತಿರ ಸಾಲವೂ ಇರಲಿಲ್ಲ, ಹೊಲಿಗೆ ಯಂತ್ರವೂ ಇರಲಿಲ್ಲ. ರಾತ್ರಿ ಊಟ ಆದ ಮೇಲೆ ಸಂಘದವರು ಕೂತು ಮಾತಾಡುತ್ತಿದ್ದೆವು. ಮಾತಾಡಿ ಮಾತಾಡಿ, ಒಂದು ದಿನ ಬೋರ್‌ವೆಲ್ ಕೆಟ್ಟಾಗ ಅವರೇ ಖಾಲಿ ಕೊಡ ಹಿಡಿದು ಪಂಚಾಯ್ತಿ ಮುಂದೆ ಹೋಗಿ ಕೂತರು. ನನ್ನನ್ನು ಕರೆಯಲೂ ಇಲ್ಲ!

2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬಂತು. ಒಂದು ಮನೆಗೆ ವರ್ಷಕ್ಕೆ 100 ದಿನ ಕೆಲಸ, ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ. ಅರ್ಜಿ ಹಾಕಿ 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಒಂದೂರಲ್ಲಿ ನಮ್ಮ ಹೆಂಗಸರು ಎರಡು ತಿಂಗಳು ಬಾಯಲ್ಲೇ ಕೆಲಸ ಕೇಳಿದರು, ಕೊನೆಗೆ ಪಂಚಾಯ್ತಿಯವರು 'ನೀವು ಕೇಳೇ ಇಲ್ವಲ್ಲ' ಅಂದುಬಿಟ್ಟರು. ತಾರೀಖು ಹಾಕಿದ ರಸೀದಿ ಇಲ್ಲದಿದ್ದರೆ ಆ 15 ದಿನ ಶುರುವೇ ಆಗೋದಿಲ್ಲ ನೋಡು. ಕಾನೂನು ಬದಲಾಗಲಿ, ಯೋಜನೆಯ ಹೆಸರು ಬದಲಾಗಲಿ, ಯಾವ ಅರ್ಜಿ ಕೊಟ್ಟರೂ ರಸೀದಿ ಇಸ್ಕೊಳ್ಳದೆ ಕಚೇರಿಯಿಂದ ಎದ್ದು ಬರಬೇಡಿ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಅನ್ನೋ ಕೂಲಿಕಾರರ, ರೈತರ ಸಂಘದವರು 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತಿದ್ದು ಕೂಡ ಕಾಗದಕ್ಕೇ: ಸರ್ಕಾರಿ ಕಾಮಗಾರಿಗಳ ಹಾಜರಿ ಪಟ್ಟಿಯ, ಬಿಲ್ಲುಗಳ ನಕಲು ಕೊಡಿ ಅಂತ. ಹಳ್ಳಿ ಹೆಂಗಸರು ರಸ್ತೆಯಲ್ಲೇ ಕೂತಿದ್ದರು. ಮಾಹಿತಿ ಹಕ್ಕಿನ ಹೋರಾಟ ಬೆಳೆದಿದ್ದು ಅಲ್ಲಿಂದ.

ಇನ್ನೊಂದು ಮಾತು, ಇದನ್ನು ನಾನು ತಪ್ಪು ಮಾಡಿ ಕಲಿತೆ. ಗ್ರಾಮಸಭೆಯಲ್ಲಿ ಒಬ್ಬಳನ್ನು ಎಬ್ಬಿಸಿ ಮಾತಾಡಿಸಿ, ಸಂಜೆ ಬಸ್ ಹತ್ತಿ ಬಂದೆ. ಅವಳು ಅದೇ ಊರಲ್ಲಿ, ಅದೇ ಮನೆಯಲ್ಲಿ, ಯಾರ ವಿರುದ್ಧ ಮಾತಾಡಿದಳೋ ಅವರ ಹೊಲದಲ್ಲೇ ಮರುದಿನ ಕೂಲಿ ಕೇಳಬೇಕಿತ್ತು. ವಾರಗಟ್ಟಲೆ ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಹಾಗಾಗಿ ಯಾರನ್ನೂ ಒಂಟಿಯಾಗಿ ಎಬ್ಬಿಸಬೇಡ. ಹತ್ತು ಜನ ಒಟ್ಟಿಗೆ ಏಳೋದಕ್ಕೆ ತಯಾರಾಗೋವರೆಗೆ ಕಾಯಿ, ಆರು ತಿಂಗಳಾದರೂ ಪರವಾಗಿಲ್ಲ. ಆ ದಿನ ರಾತ್ರಿ ಅಲ್ಲೇ ಉಳಿದುಕೋ.

ಮುಂದಿನ ಗ್ರಾಮಸಭೆ ಯಾವತ್ತು ಅಂತ ತಿಳಿಸು. ಮಂಡಿ ನೋವಿದ್ದರೂ ಬರುತ್ತೇನೆ, ಹಿಂದೆ ಆ ಹೆಂಗಸರ ಜೊತೆ ಕೂರುತ್ತೇನೆ.

ನಿನ್ನ ದೊಡ್ಡಮ್ಮ