ಗಾಜಿಗೂ ಚುಕ್ಕಿ ಇಡಿ

ಮಾನ್ಯ ಸಂಪಾದಕರೇ,

ಕ್ಯಾತ್ಸಂದ್ರದ ನಮ್ಮ ಮನೆ ಮಹಡಿಗೆ ಹೋದ ವರ್ಷ ದೊಡ್ಡ ಗಾಜಿನ ಕಿಟಕಿ ಹಾಕಿಸಿದೆವು. ಎದುರಿಗೇ ಹೊಂಗೆ ಮರ. ಕಳೆದ ವಾರ ಬೆಳಿಗ್ಗೆ ‘ಟಪ್’ ಅಂತ ಸದ್ದಾಯಿತು. ಹೋಗಿ ನೋಡಿದರೆ ಒಂದು ಪಿಕಳಾರ ಹಕ್ಕಿ ಕೊಕ್ಕು ತೆರೆದುಕೊಂಡು ಬಿದ್ದಿತ್ತು. ಗಾಜಿನ ಮೇಲೆ ಒಂದು ಸಣ್ಣ ಪುಕ್ಕ ಅಂಟಿಕೊಂಡಿತ್ತು. ಗಾಜಿನಲ್ಲಿ ಕಾಣುವ ಮರವನ್ನೇ ನಿಜವಾದ ಮರ ಅಂದುಕೊಂಡಿತ್ತು ಪಾಪ.

ಅಮ್ಮ ಬಾಯಿಗೆ ನೀರು ಬಿಡಲು ಹೊರಟರು. ಹಾಗೆ ಮಾಡಬಾರದು, ನೀರು ಶ್ವಾಸಕ್ಕೆ ಹೋಗಬಹುದು. ತೂತು ಮಾಡಿದ ಚಪ್ಪಲಿ ಡಬ್ಬದಲ್ಲಿಟ್ಟು ಮುಚ್ಚಿ ಸುಮ್ನೆ ಬಿಟ್ಟೆವು. ಒಂದು ಗಂಟೆ ಬಿಟ್ಟು ಮುಚ್ಚಳ ತೆಗೆದದ್ದೇ ತಡ, ಹಾರಿಹೋಯಿತು. ಎಲ್ಲ ಹಕ್ಕಿಗೂ ಈ ಅದೃಷ್ಟ ಇರಲ್ಲ.

ಈಗ ಹಕ್ಕಿಗಳಿಗೆ ಗಾಜು ಇರುವುದು ಗೊತ್ತಾಗಲಿ ಅಂತ ಅದರ ಹೊರಮೈಗೆ ಬಿಳಿ ಬಣ್ಣದಲ್ಲಿ ಚುಕ್ಕಿ ಇಟ್ಟಿದ್ದೇವೆ, ರಂಗೋಲಿಗೆ ಇಟ್ಟ ಹಾಗೆ. ಚುಕ್ಕಿಯಿಂದ ಚುಕ್ಕಿಗೆ 2 ಇಂಚು. ಅಂತರ ಜಾಸ್ತಿಯಾದರೆ ನಡುವೆ ನುಗ್ಗಲು ನೋಡುತ್ತವೆ. ಒಳಗಡೆ ಇಟ್ಟರೆ ಮರದ ಬಿಂಬ ಹಾಗೇ ಉಳಿಯುತ್ತದೆ. ಒಂದೇ ಒಂದು ಹದ್ದಿನ ಸ್ಟಿಕ್ಕರ್ ಅಂಟಿಸಿದರೆ ಸಾಲದು.

ತುಮಕೂರಿನಲ್ಲೂ ಮುಂಭಾಗ ಪೂರ್ತಿ ಗಾಜಿನ ಕಟ್ಟಡಗಳು ಏಳುತ್ತಿವೆ. ನಕ್ಷೆಗೆ ಒಪ್ಪಿಗೆ ಕೊಡುವವರು ಇದನ್ನೂ ಒಂದು ಮಾತು ಕೇಳಬಹುದಲ್ವಾ?

– ಒಬ್ಬ ಓದುಗ, ಕ್ಯಾತ್ಸಂದ್ರ, ತುಮಕೂರು